ಬೆರಕೆ ಸೊಪ್ಪಿನ ಪಾಠ

ಕಾಲೇಜಿನ ರಕ್ತದಾನ ಶಿಬಿರದಿಂದ ನನ್ನನ್ನು ವಾಪಸ್ ಕಳಿಸಿದರು. ಹಿಮೋಗ್ಲೋಬಿನ್ 12.5 ಬೇಕು, ನನ್ನದು 10.2. ಬಿ.ಇ. ಸೇರಿದ ಮೇಲೆ ನಾಯಂಡಹಳ್ಳಿಯ ರೂಮಿನಲ್ಲಿ ನನ್ನ ಊಟವೆಂದರೆ ಬಿಳಿ ಅನ್ನ, ಇಲ್ಲವೇ ನೂಡಲ್ಸ್. ವೈದ್ಯರು ಮಾತ್ರೆ ಕೊಟ್ಟು, ಊಟ ಬದಲಿಸಲು ಹೇಳಿದರು.

‘ಬೆರಕೆ ಸೊಪ್ಪು ಮರ್ತ್ಯಾ ಮಗಾ?’ ಚನ್ನಪಟ್ಟಣದ ಕಡೆಯ ಊರಿನಿಂದ ಅಜ್ಜಿ ಫೋನಿನಲ್ಲಿ ಕೇಳಿದಳು. ಅಣ್ಣೆ, ಗಣಿಕೆ, ಹೊನಗೊನ್ನೆ ಹೊಲ, ಬದುಗಳಲ್ಲಿ ತಾವಾಗಿ ಬೆಳೆಯುತ್ತವೆ, ಗೊಬ್ಬರದ ಖರ್ಚಿಲ್ಲ. ಕಳೆನಾಶಕ ಹೊಡೆದರೆ ಮಾತ್ರ ಅವೂ ಮಾಯ. ಇಲ್ಲೇ ವೃಷಭಾವತಿ ದಡದಲ್ಲಿ ಸೊಪ್ಪಿದೆಯಲ್ಲ ಎಂದರೆ, ‘ಚರಂಡಿ ನೀರಿಂದು ಕೀಳ್ಬೇಡ’ ಎಂದಳು.

ಈಗ ಭಾನುವಾರ ಊರಿಂದ ಬಸ್ಸಲ್ಲಿ ಸೊಪ್ಪಿನ ಚೀಲ ಬರುತ್ತದೆ. ರೂಮಿನ ಮೂವರೂ ಸೇರಿ ಮಸ್ಸೊಪ್ಪು, ಮುದ್ದೆ ಮಾಡುತ್ತೇವೆ. ಕಬ್ಬಿಣಾಂಶ ಮೈಗೆ ಹತ್ತಲೆಂದು ಮೇಲೆ ನಿಂಬೆರಸ. ಊಟದ ಜೊತೆ ಟೀ ಬಂದ್. ಮುಂದಿನ ಶಿಬಿರದಲ್ಲಿ ರಕ್ತ ಕೊಟ್ಟೇ ಬರಬೇಕೆಂಬ ಹಟ ನನ್ನದು.