ಹೆಪ್ಪಿನ ವಿದ್ಯೆ

ಹಾಲು ಅಮೃತಸಮಾನವೆಂಬುದು ನಿಜ. ಆದರೆ ಅದರ ಆಯುಸ್ಸು ಬಹಳ ಅಲ್ಪ. ಬೇಸಗೆಯಲ್ಲಿ ಬೆಳಗ್ಗೆ ಕರೆದ ಹಾಲನ್ನು ಕಾಯಿಸದೆ ಬಿಟ್ಟರೆ ಸಂಜೆಯ ಹೊತ್ತಿಗೆ ಅದು ಒಡೆದುಹೋಗುತ್ತದೆ. ಆದ್ದರಿಂದಲೇ ದನ ಸಾಕಿದ ಜನರೆಲ್ಲರೂ ಹಾಲಿನ ಸಾರವನ್ನು ಉಳಿಸಿಕೊಳ್ಳುವ ಉಪಾಯಗಳನ್ನು ಹುಡುಕಿದರು. ನಮ್ಮ ಹಿರಿಯರು ಹೆಪ್ಪು ಹಾಕಿ ಮೊಸರು ಮಾಡಿದರು. ಕಡೆದು ಬೆಣ್ಣೆ ತೆಗೆದರು. ಬೆಣ್ಣೆಯನ್ನು ಕಾಯಿಸಿ ತುಪ್ಪವಾಗಿಸಿ ತಿಂಗಳುಗಟ್ಟಲೆ ಇಟ್ಟುಕೊಂಡರು. ಚಳಿಗಾಲ ದೀರ್ಘವಾಗಿರುವ ಯುರೋಪಿನ ನಾಡುಗಳಲ್ಲಿ ಇದೇ ಅಗತ್ಯದಿಂದ ಬಹುವಾಗಿ ಬೆಳೆದ ವಿದ್ಯೆಯೇ ಚೀಸ್ ತಯಾರಿಕೆ. ಚೀಸನ್ನು ಕೆಲವರು ಗಿಣ್ಣು ಎನ್ನುವುದುಂಟು. ಆದರೆ ಈದ ಹಸುವಿನ ಮೊದಲ ಹಾಲಿನಿಂದ ನಾವು ಮಾಡುವ ಗಿಣ್ಣು ಬೇರೆ, ಚೀಸ್ ಬೇರೆ.

ಇಂಗ್ಲೆಂಡಿನ ನೈಋತ್ಯ ಭಾಗದ ಸಾಮರ್‌ಸೆಟ್ ಪ್ರಾಂತದಲ್ಲಿ ಚೆಡ್ಡರ್ ಎಂಬ ಹಳ್ಳಿಯಿದೆ. ಲೋಕಪ್ರಸಿದ್ಧವಾದ ಚೆಡ್ಡರ್ ಚೀಸಿಗೆ ಹೆಸರು ಬಂದುದು ಈ ಹಳ್ಳಿಯಿಂದಲೇ. ಅಲ್ಲಿನ ರೈತರ ಮನೆಗಳಲ್ಲಿ ಚೀಸ್ ಮಾಡುವ ಹೊಣೆ ಬಹುಮಟ್ಟಿಗೆ ಮನೆಯೊಡತಿಯದಾಗಿತ್ತು. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಬೆರೆಸಿ, ಬಳಿಕ ರೆನೆಟ್ ಎಂಬ ವಸ್ತುವನ್ನು ಸೇರಿಸುತ್ತಾರೆ. ಎಳೆಗರುವಿನ ನಾಲ್ಕನೆಯ ಜಠರದಿಂದ ಪಡೆಯುತ್ತಿದ್ದ ಇದರ ಕೆಲಸವನ್ನೇ ಮಾಡುವ ಕಿಣ್ವವನ್ನು ಈಗ ಸೂಕ್ಷ್ಮಜೀವಿಗಳಿಂದಲೂ ಪಡೆಯುತ್ತಾರೆ. ಹಾಲಿನಲ್ಲಿರುವ ಕೇಸೀನ್ ಎಂಬ ಸಸಾರಜನಕ ಪದಾರ್ಥ ಇದರಿಂದ ಹೆಪ್ಪುಗಟ್ಟುತ್ತದೆ. ಹೀಗಾದ ಗಟ್ಟಿಯನ್ನು ಸಣ್ಣಗೆ ಕತ್ತರಿಸಿ, ಮೆಲ್ಲಗೆ ಕಲಕುತ್ತ ಬಿಸಿಮಾಡಿ, ತಿಳಿನೀರನ್ನು ಬಸಿಯುತ್ತಾರೆ. ಉಳಿದ ಗಟ್ಟಿಯನ್ನು ಹಲಗೆಗಳಂತೆ ಕತ್ತರಿಸಿ, ಒಂದರ ಮೇಲೊಂದನ್ನು ಪೇರಿಸಿ, ಮತ್ತೆ ಮತ್ತೆ ಮಗುಚುತ್ತಾರೆ. ಆಮೇಲೆ ಅದನ್ನು ಪುಡಿಮಾಡಿ, ಉಪ್ಪು ಬೆರೆಸಿ, ಅಚ್ಚಿನಲ್ಲಿ ತುಂಬಿ ಒತ್ತುತ್ತಾರೆ. ಕೊನೆಗೆ ಬಟ್ಟೆ ಸುತ್ತಿ, ತಂಪಾದ ಕೋಣೆಯಲ್ಲಿಟ್ಟು, ಆಗಾಗ ಹೊರಳಿಸುತ್ತ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಒಂದು ಕಿಲೋಗ್ರಾಂ ಚೀಸಿಗೆ ಸುಮಾರು 10 ಲೀಟರು ಹಾಲು ಬೇಕು.

ಹೇಳುವುದಕ್ಕೆ ಇದು ಸುಲಭ. ಮಾಡುವವರಿಗೆ ಗೊತ್ತು ಇದರ ಕಷ್ಟ. ಹಸುರು ಹುಲ್ಲು ಮೇಯುವ ಕಾಲದ ಹಾಲು ಒಂದು ಬಗೆ, ಒಣಹುಲ್ಲು ತಿನ್ನುವ ಕಾಲದ ಹಾಲು ಇನ್ನೊಂದು ಬಗೆ. ಸೆಕೆಯ ದಿನ ಹುಳಿ ಬೇಗ ಏರುತ್ತದೆ. ಚಳಿಯ ದಿನ ಕಾಯಬೇಕಾಗುತ್ತದೆ. ಪಾತ್ರೆ ತೊಳೆಯುವುದರಲ್ಲಿ ತೋರಿದ ಒಂದು ದಿನದ ಆಲಸ್ಯ, ಹಲವು ತಿಂಗಳ ಬಳಿಕ ಚೀಸನ್ನು ಕತ್ತರಿಸಿದಾಗ ದುರ್ವಾಸನೆಯಾಗಿ ಹೊರಬೀಳಬಹುದು. ಹಿಂದಿನ ಗೃಹಿಣಿ ಹಾಲಿನ ಬಿಸಿಯನ್ನು ಕೈಯಿಂದಲೇ ಅಳೆಯುತ್ತಿದ್ದಳು. ಗಟ್ಟಿಯ ಹದವನ್ನು ಬೆರಳಿನಿಂದಲೇ ತಿಳಿಯುತ್ತಿದ್ದಳು. ಈ ಕೈಯರಿವು ಬೆಲೆಯುಳ್ಳದ್ದು. ಆದರೆ ಅದಕ್ಕೊಂದು ಕೊರತೆಯೂ ಇತ್ತು. ಇಂದಿನ ಚೀಸ್ ಸೊಗಸಾಗಿ ನಾಳಿನದು ಕೆಟ್ಟರೆ, ಏಕೆಂದು ಹೇಳಲಾಗುತ್ತಿರಲಿಲ್ಲ. ಕಲಿಯಬೇಕೆಂಬವರು ವರ್ಷಗಟ್ಟಲೆ ಅವಳ ಪಕ್ಕದಲ್ಲಿಯೇ ನಿಲ್ಲಬೇಕಾಗಿತ್ತು. ಅಂಥ ಶಿಷ್ಯರು ದೊರೆಯದಿದ್ದರೆ, ಅವಳೊಂದಿಗೆ ಅವಳ ವಿದ್ಯೆಯೂ ಮಣ್ಣುಗೂಡುತ್ತಿತ್ತು.

ಈ ಕೊರತೆಯನ್ನು ನೀಗಲು ದುಡಿದವನು ಸಾಮರ್‌ಸೆಟ್ಟಿನ ರೈತ ಜೋಸೆಫ್ ಹಾರ್ಡಿಂಗ್ (1805–1876). ಪತ್ನಿ ರೇಚೆಲಳೊಡನೆ ಚೀಸ್ ಮಾಡುತ್ತಿದ್ದ ಆತ, ಉಷ್ಣಮಾಪಕವನ್ನು ಬಳಸಿ ಪ್ರತಿಯೊಂದು ಹಂತದ ಬಿಸಿಯನ್ನೂ ಗೊತ್ತುಪಡಿಸಿದ. ಚೊಕ್ಕಟತನವೇ ಈ ಕಸುಬಿನ ಮೊದಲ ನಿಯಮವೆಂದು ಸಾರಿದ. ತಿಳಿದುದನ್ನು ದಂಪತಿಗಳು ಗುಟ್ಟಾಗಿ ಬಚ್ಚಿಡಲಿಲ್ಲ. ಸ್ಕಾಟ್ಲೆಂಡಿನ ರೈತರಿಗೂ ಕಲಿಸಿದರು. ದೂರದ ಅಮೆರಿಕದಿಂದ ಬಂದವರಿಗೂ ತೋರಿಸಿಕೊಟ್ಟರು. ಒಂದು ಮನೆಯ ವಿದ್ಯೆ ಹೀಗೆ ನಾಡುಗಳ ಸೊತ್ತಾಯಿತು.

ಆದರೆ ಅಳತೆ ದೊರೆತೊಡನೆ ಯಂತ್ರಕ್ಕೂ ದಾರಿ ಸುಗಮವಾಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೆಸ್ಸಿ ವಿಲಿಯಮ್ಸ್ ಎಂಬಾತ ನೆರೆಯ ರೈತರ ಹಾಲನ್ನೂ ಕೂಡಿಸಿ ಚೀಸ್ ಮಾಡುವ ಕಾರ್ಖಾನೆಯನ್ನು 1851ರಲ್ಲಿಯೇ ತೆರೆದಿದ್ದನು. ಕಾರ್ಖಾನೆಗಳು ಹೆಚ್ಚಿದಂತೆಲ್ಲ ಮನೆಯ ಚೀಸ್ ಹಿಂದೆ ಸರಿಯಿತು. ಎರಡನೆಯ ಮಹಾಯುದ್ಧದ ಪೆಟ್ಟು ಇನ್ನೂ ಬಲವಾಗಿತ್ತು. ಬ್ರಿಟನ್ನಿನಲ್ಲಿ ಚೀಸಿಗೆ 1941ರಲ್ಲಿ ಬಂದ ಪಡಿತರ 1954ರವರೆಗೂ ಉಳಿಯಿತು. ಎಲ್ಲರಿಗೂ ಹಂಚುವುದಕ್ಕಾಗಿ ಹಾಲೆಲ್ಲವೂ ಬಹುಮಟ್ಟಿಗೆ ಒಂದೇ ಬಗೆಯ ಚೀಸಿಗೆ ಹೋಯಿತು. ಹಸಿದ ನಾಡಿಗೆ ಅದು ಅನಿವಾರ್ಯವೇ ಆಗಿತ್ತು. ಆದರೆ ಕೈಬಿಟ್ಟ ಕಸುಬಿಗೆ ಎಷ್ಟೋ ಮನೆಗಳು ಮತ್ತೆ ಮರಳಲಿಲ್ಲ.

ಕೆಲವರು ಮಾತ್ರ ಈ ವಿದ್ಯೆಯನ್ನು ಬಿಡಲಿಲ್ಲ. ಷ್ರಾಪ್‌ಷೈರ್ ಪ್ರಾಂತದ ಲೂಸಿ ಆ್ಯಪಲ್‌ಬಿ (1920–2008) ಅಂಥವರಲ್ಲೊಬ್ಬರು. ತಾಯಿಯಿಂದಲೂ ಕೃಷಿ ಕಾಲೇಜಿನಿಂದಲೂ ಕಲಿತ ಅವರು, 1952ರಲ್ಲಿ ತಮ್ಮ ಹೊಲಮನೆಯಲ್ಲಿ ಚೆಷೈರ್ ಎಂಬ ಚೀಸನ್ನು ಮಾಡತೊಡಗಿದರು. 1980ರ ದಶಕದಲ್ಲಿ, ಬಟ್ಟೆಗೆ ಬದಲು ಮೇಣದ ಹೊದಿಕೆಯೇ ಬೇಕೆಂದು ಮಾರುಕಟ್ಟೆ ಒತ್ತಾಯಿಸಿತು. ಬಟ್ಟೆಯೊಳಗಿನ ಚೀಸಿಗೆ ಗಾಳಿಯಾಡುತ್ತದೆ, ಅದರಿಂದ ರುಚಿ ಮಾಗುತ್ತದೆ ಎಂಬುದು ಅವರ ಅನುಭವ. ಆದ್ದರಿಂದ ಅವರ ಕುಟುಂಬ ಆ ಒತ್ತಾಯಕ್ಕೆ ಮಣಿಯದೆ ತಾನೇ ಗಿರಾಕಿಗಳನ್ನು ಹುಡುಕಿಕೊಂಡಿತು. ಆ ಮನೆತನದ ಮುಂದಿನವರು ಇಂದಿಗೂ ಬಟ್ಟೆ ಸುತ್ತಿದ ಚೀಸನ್ನು ಮಾಡುತ್ತಿದ್ದಾರೆ.

ತಾಯಿಯ ಕೈ ಮತ್ತು ಕಾಲೇಜಿನ ಪಾಠ ಎರಡೂ ಕೂಡಿದ್ದರಿಂದಲೇ ಅವರ ವಿದ್ಯೆ ಗಟ್ಟಿಯಾಗಿ ನಿಂತಿತು. ಅಳತೆಯಿಲ್ಲದ ಕೈಯರಿವು ತನ್ನನ್ನು ವಿವರಿಸಿಕೊಳ್ಳಲಾರದು. ಕೈಯರಿವಿಲ್ಲದ ಅಳತೆ ಹಾಲಿನ ದಿನದಿನದ ಸ್ವಭಾವವನ್ನು ಅರಿಯಲಾರದು. ಈ ಮಾತು ಚೀಸಿಗೆ ಮಾತ್ರ ಸಲ್ಲುವುದಲ್ಲ. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುತ್ತದೆ. ಒಂದು ದಿನ ಹೆಪ್ಪು ಉಳಿಸಲು ಮರೆತರೆ ನೆರೆಮನೆಗೆ ಹೋಗಿ ಕೇಳಬಹುದು. ಆದರೆ ಒಂದು ಕಸುಬನ್ನು ಬಲ್ಲ ಕೊನೆಯವರೇ ಕಣ್ಮರೆಯಾದರೆ, ಹೆಪ್ಪು ಕೇಳಲು ಹೋಗುವುದು ಯಾರ ಮನೆಗೆ?