ನಮ್ಮ ಹೊಲಕ್ಕೆ ಬಂದ ಕುದುರೆ

ನಮ್ಮ ದಾದಿಗೆ ಕನ್ನಡವಾಗಲಿ ಉರ್ದುವಾಗಲಿ ಓದಲು ಬರುವುದಿಲ್ಲ. ಆದರೆ ಕುದುರೆಯ ಬಣ್ಣಕ್ಕೆ ಅವರ ಬಳಿ ಏಳು ಹೆಸರುಗಳಿವೆ. ನನಗೆ ಗೊತ್ತಿದ್ದದ್ದು ಮೂರೇ: ಕಪ್ಪು, ಬಿಳಿ, ಕಂದು. ಈ ಸಲ ಕಡಲೆ ಕಿತ್ತ ಮೇಲೆ ಮೊರಬದ ನಮ್ಮ ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಪ್ರತಿ ವರ್ಷ ಬೆಳಗಾವಿ ಕಡೆಯಿಂದ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ, ನಮ್ಮ ಎರೆ ಹೊಲಗಳಿಗೆ ಗೊಬ್ಬರವಾಗುತ್ತದೆ, ಅವರಿಗೆ ಕಾಳು ಇಲ್ಲವೇ ರೊಕ್ಕ ಸಿಗುತ್ತದೆ. ಅವರ ಜೊತೆ ನಾಲ್ಕು ಸಣ್ಣ ಕುದುರೆಗಳಿದ್ದವು. ಒಂದು ಕುದುರೆಯ ಪಕ್ಕದಲ್ಲಿ ಮರಿ ಇತ್ತು. ಮನೆಗೆ ಬಂದು "ಬಿಳಿ ಕುದುರೆಗೆ ಕರಿ ಮರಿ ಹುಟ್ಟಿದೆ" ಎಂದೆ. ದಾದಿ ನಕ್ಕು, "ಬಿಳಿ ಅಲ್ಲ, ಸಬ್ಜಾ" ಎಂದರು.

ಸಬ್ಜಾ ಎಂದರೆ ಹಸಿರು. ಹಸಿರು ಕುದುರೆ ಎಲ್ಲಾದರೂ ಇರುತ್ತದೆಯೇ? ಅಲ್ಲಿಂದಲೇ ನನ್ನ ಈ ಲೇಖನ ಶುರುವಾಯಿತು.

ನಮ್ಮ ದಾದಾ ಅಣ್ಣಿಗೇರಿ ರೈಲ್ವೆ ಸ್ಟೇಷನ್ನಿನ ಮುಂದೆ ಟಾಂಗಾ ನಿಲ್ಲಿಸುತ್ತಿದ್ದರು. ನಾನು ಹುಟ್ಟುವ ಮೊದಲೇ ಅವರೂ ಇಲ್ಲ, ಟಾಂಗಾವೂ ಇಲ್ಲ. ದಾದಿಗೆ ಬಣ್ಣಗಳ ಹೆಸರು ಬಂದದ್ದು ಅಲ್ಲಿಂದ. ಪೂರ್ತಿ ಕರಿ ಕುದುರೆ ಮುಷ್ಕಿ. ಕಸ್ತೂರಿಗೆ ಮುಷ್ಕ್ ಎನ್ನುತ್ತಾರಲ್ಲ, ಅದರಿಂದ. ಮೈ ಕೆಂಗಂದು ಇದ್ದು ಕುತ್ತಿಗೆಯ ಕೂದಲು, ಬಾಲ, ಕಾಲಿನ ಕೆಳಭಾಗ ಕಪ್ಪಿದ್ದರೆ ಕುಮೈತ್. ಮೈಯಂತೆಯೇ ಬಾಲವೂ ಕೆಂಪಾಗಿದ್ದರೆ ಸುರಂಗ್. ಮೈ ಮಣ್ಣುಬಣ್ಣ, ಬಾಲ ಕಪ್ಪು ಇದ್ದರೆ ಸಮಂದ್. ಎರಡು ಬಣ್ಣದ ಕುದುರೆ ಅಬಲಖ್. ಹುಟ್ಟಿನಿಂದಲೇ ಬಿಳಿಯಾಗಿದ್ದು ಚರ್ಮವೂ ಗುಲಾಬಿ ಇದ್ದರೆ ನುಕ್ರಾ, ಅಂದರೆ ಬೆಳ್ಳಿ. ಮದುವೆ ಮೆರವಣಿಗೆಗೆ ಇದಕ್ಕೇ ಬೇಡಿಕೆ. ಉಳಿದದ್ದು ಸಬ್ಜಾ. ಇದು ಹುಟ್ಟುವಾಗ ಕಪ್ಪೋ ಕಂದೋ ಆಗಿದ್ದು, ವರ್ಷ ಕಳೆದಂತೆ ಬೂದಿಯಾಗಿ ಕೊನೆಗೆ ಬೆಳ್ಳಗಾಗುತ್ತದೆ. ಮೂತಿಯ ಹತ್ತಿರ ನೋಡಿದರೆ ಒಳಗಿನ ಚರ್ಮ ಕಪ್ಪೇ ಇರುತ್ತದೆ. ನಾವು ಬಿಳಿ ಎಂದು ಕರೆಯುವ ಬಹುಪಾಲು ಕುದುರೆಗಳು ಇವೇ.

ಸೈನ್ಸ್ ವಿಭಾಗದ ಗೆಳೆಯನೊಬ್ಬನನ್ನು ಕೇಳಿ ತಿಳಿದದ್ದು ಇಷ್ಟು: ಕುದುರೆಯ ಮೈಯಲ್ಲಿ ಮೂಲ ಬಣ್ಣಗಳು ಎರಡೇ, ಕಪ್ಪು ಮತ್ತು ಕೆಂಪು. ಉಳಿದ ಜೀನುಗಳು ಅವನ್ನು ತೆಳುವು ಮಾಡುತ್ತವೆ, ಕಾಲು ಬಾಲಕ್ಕೆ ಸರಿಸುತ್ತವೆ ಇಲ್ಲವೇ ಅಳಿಸುತ್ತವೆ. ಎರಡು ಸುರಂಗ್ ಕುದುರೆಗಳಿಗೆ ಹುಟ್ಟುವ ಮರಿಯಲ್ಲಿ ಕೆಂಪು ಬಣ್ಣವೇ ಇರುತ್ತದೆ, ಕಪ್ಪು ಬರುವುದಿಲ್ಲ. ಇದನ್ನು ಹೇಳಿದಾಗ ದಾದಿ, "ಇದಕ್ಕೆ ಕಾಲೇಜಿಗೆ ಹೋಗಬೇಕಾ?" ಎಂದರು.

ಈಗ ತಳಿಯ ಮಾತು. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳ ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತವೆ. ಫೋಟೋ ನೋಡಿದರೂ ಗುರುತಿಸಬಹುದು. ಹಿಮಾಲಯದಲ್ಲಿ ಸ್ಪಿತಿ, ಝನ್ಸ್ಕಾರಿ, ಭೂಟಿಯಾ, ಮಣಿಪುರದಲ್ಲಿ ಪೋಲೋ ಆಡುವ ಪೋನಿ ಇವೆ. ಎತ್ತರವನ್ನು ಅಂಗೈ ಅಗಲದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಇಂಚು. ಸಾಮಾನ್ಯವಾಗಿ 14 ಹ್ಯಾಂಡ್ 2 ಇಂಚಿಗಿಂತ ಗಿಡ್ಡವಾದದ್ದು ಪೋನಿ, ನಮ್ಮ ಕಡೆಯ ಮಾತಿನಲ್ಲಿ ತಟ್ಟು. ರೇಸಿನ ಥರೋಬ್ರೆಡ್ ಸಾಮಾನ್ಯವಾಗಿ 16 ಹ್ಯಾಂಡ್‌ನ ಆಸುಪಾಸಿನಲ್ಲಿರುತ್ತದೆ.

ನಮ್ಮ ದಖ್ಖನ್ನಿನ ಕುದುರೆ ಯಾವುದು ಎಂದು ಹುಡುಕುವಾಗ ಇತಿಹಾಸದ ಪುಸ್ತಕ ತೆರೆಯಬೇಕಾಯಿತು. ಇಲ್ಲಿ ಯುದ್ಧಕ್ಕಾಗುವಂಥ ದೊಡ್ಡ ಕುದುರೆ ಸಾಕಷ್ಟು ಹುಟ್ಟುತ್ತಿರಲಿಲ್ಲ. ಅದಕ್ಕೆ ಬಹಮನಿಯವರೂ ವಿಜಯನಗರದವರೂ ಅರಬಸ್ಥಾನ ಮತ್ತು ಹೊರ್ಮುಜ್‌ನಿಂದ ಹಡಗಿನಲ್ಲಿ ತರಿಸುತ್ತಿದ್ದರು. ಭಟ್ಕಳ, ಗೋವಾ ಬಂದರುಗಳಲ್ಲಿ ಅವು ಇಳಿಯುತ್ತಿದ್ದವು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಕುದುರೆ ವ್ಯಾಪಾರಿಗಳನ್ನು ಕೆತ್ತಿದ್ದಾರೆ. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದ ಒಂದು ಸಂಗತಿ ಕಾಮರ್ಸ್ ವಿದ್ಯಾರ್ಥಿಗಳು ಓದಲೇಬೇಕಾದದ್ದು. ಸಾಳುವ ನರಸಿಂಹ ಸಾವಿರ ಪರ್ದಾವೊಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ, ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ. ನಾವು ಕ್ಲಾಸಿನಲ್ಲಿ ಓದುವ ಸಾಗರ ವಿಮೆ ಇದೇ ಅಲ್ಲವೇ? ನಷ್ಟದ ಭಯ ವ್ಯಾಪಾರಿಗೆ ಇಲ್ಲ, ಆದ್ದರಿಂದ ಅವನು ಮತ್ತೆ ಮತ್ತೆ ಹಡಗು ಹತ್ತುತ್ತಾನೆ. ಲಗಾಮು, ಜೀನು, ಸವಾರ, ಚಾಬೂಕು ಎಂಬ ಮಾತುಗಳು ಕನ್ನಡಕ್ಕೆ ಬಂದದ್ದು ಫಾರಸಿಯಿಂದ. ಕನ್ನಡ ಪೇಪರಿನಲ್ಲಿ ಈ ಪದ ಬರೆದಾಗ ನನ್ನದು ತಪ್ಪು ಎನಿಸುವುದಿಲ್ಲ, ಇದೊಂದು ಸಮಾಧಾನ.

ಹಾಗೆ ಬಂದ ಅರಬ್ಬಿ ರಕ್ತ ದಖ್ಖನ್ನಿನ ಸ್ಥಳೀಯ ತಟ್ಟುಗಳಲ್ಲಿ ಬೆರೆಯಿತು. ಭೀಮಾ ನದಿಯ ದಂಡೆಯ ತಟ್ಟುಗಳಿಗೆ ಭೀಮಥಡಿ ಎಂದು ಹೆಸರಾಯಿತು. ಮರಾಠಾ ಸೈನ್ಯ ಏರಿದ್ದು ಇವನ್ನೇ. ಸೈನ್ಯಗಳು ಮುಗಿದ ಮೇಲೆ ಇವನ್ನು ಉಳಿಸಿಕೊಂಡವರು ಧನಗರ ಕುರಿಗಾರರು. ಇತ್ತೀಚೆಗಷ್ಟೇ ಇದಕ್ಕೆ ದೇಶದ ಪ್ರತ್ಯೇಕ ತಳಿಯೆಂದು ನೋಂದಣಿ ಸಿಕ್ಕಿದೆ. ನಮ್ಮ ಪಕ್ಕದ ಹೊಲದಲ್ಲಿ ನಿಂತವುಗಳ ಮೈಕಟ್ಟೂ ಅದೇ: ಗಿಡ್ಡ ಕಾಲು, ಗಟ್ಟಿ ಗೊರಸು, ಬೆನ್ನ ಮೇಲೆ ಕಂಬಳಿ, ಪಾತ್ರೆ, ಬಲೆ, ಆಗತಾನೆ ಹುಟ್ಟಿದ ಕುರಿಮರಿಗಳು.

ಇನ್ನು ಹಣದ ಲೆಕ್ಕ. ಇಂದು ಕುದುರೆ ಉದ್ಯಮ ಎಂದರೆ ಹೆಚ್ಚಾಗಿ ರೇಸು. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗಾಗಿ ಶುರುವಾದದ್ದು. ಮುಂದೆ ಅದು ರೇಸಿನ ಕುದುರೆಗಳ ಫಾರ್ಮ್ ಆಯಿತು. ಬೆಂಗಳೂರು, ಮೈಸೂರಿನಲ್ಲಿ ರೇಸು ನಡೆಯುತ್ತದೆ. ಒಂದು ಮರಿ ಹುಟ್ಟಲು 11 ತಿಂಗಳು ಬೇಕು, ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿಯೇ ಇಲ್ಲ, ಆದ್ದರಿಂದ ಒಳ್ಳೆಯ ಗಂಡು ಕುದುರೆಯ ಬೆಲೆ ಏರುತ್ತದೆ. ಲಾಯದ ಹುಡುಗ, ಲಾಳ ಕಟ್ಟುವವನು, ಜಾಕಿ, ಡಾಕ್ಟರು, ಮೇವಿನವನು, ಎಲ್ಲರ ಸಂಬಳ ಬರುವುದು ಕೊನೆಗೆ ಬಾಜಿಯ ಹಣದಿಂದ. ಜೂಜು ನಮ್ಮ ಮನೆಯಲ್ಲಿ ಹರಾಮ್, ಅದರ ಪರ ನಾನು ಬರೆಯುತ್ತಿಲ್ಲ. ಆದರೆ ತೆರಿಗೆ ನೋಡಿ: ರೇಸು ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು, ಆದರೂ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40 ಆಯಿತು. ಇನ್ನೊಂದು ತಮಾಷೆ. ಎಮ್ಮೆ, ಕುರಿ, ಕತ್ತೆ ಮಾರಿದರೆ ಜಿಎಸ್‌ಟಿ ಇಲ್ಲ. ಕುದುರೆಗೆ ಇದೆ. 2017ರಲ್ಲಿ ಶೇ 12 ಇಟ್ಟು, 2025ರಲ್ಲಿ ಶೇ 5ಕ್ಕೆ ಇಳಿಸಿದರು. ಸರ್ಕಾರದ ಕಣ್ಣಿನಲ್ಲಿ ಕುದುರೆ ಇನ್ನೂ ಶ್ರೀಮಂತರ ಪ್ರಾಣಿ.

2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ಪೋನಿಗಳು 3.4 ಲಕ್ಷ. 2012ಕ್ಕಿಂತ ಶೇ 45.6 ಕಡಿಮೆ. ಏಳು ವರ್ಷದಲ್ಲಿ ಅರ್ಧದ ಹತ್ತಿರ ಹೋಯಿತು. ಯಾಕೆ? ಈ ಪ್ರಶ್ನೆಗೆ ದಾದಿ ಹೇಳಿದ ಉತ್ತರ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿರುವುದಕ್ಕಿಂತ ಸ್ಪಷ್ಟವಾಗಿತ್ತು. "ಆಟೋ ನಿಂತರೆ ಸುಮ್ಮನೆ ನಿಲ್ಲುತ್ತದೆ. ಕುದುರೆ ನಿಂತರೂ ತಿನ್ನುತ್ತದೆ." ಇದೇ ಸ್ಥಿರ ವೆಚ್ಚ. ಬಾಡಿಗೆ ಸಿಗದ ದಿನವೂ ದಾದಾ ಹುಲ್ಲು, ಹುರುಳಿ ಕೊಳ್ಳಬೇಕಿತ್ತು. ಮಳೆಗಾಲದಲ್ಲಿ ಮನೆಯವರಿಗೆ ಒಂದು ಹೊತ್ತಿನ ರೊಟ್ಟಿ ಕಡಿಮೆಯಾದ ದಿನಗಳೂ ಇದ್ದವಂತೆ, ಕುದುರೆಗೆ ಕಡಿಮೆ ಮಾಡಲಿಲ್ಲ. ಕೊನೆಗೆ ಹುಬ್ಬಳ್ಳಿಯ ಒಬ್ಬ ಮೆರವಣಿಗೆಯವನಿಗೆ ಮಾರಿದರು. ಟಾಂಗಾದ ಒಂದು ಗಾಲಿ ಈಗಲೂ ನಮ್ಮ ಹಿತ್ತಲಿನ ಗೋಡೆಗೆ ಒರಗಿದೆ.

ಬಾಜಿಯ ಹಣ ಇರುವ ರೇಸಿನ ಕುದುರೆ ಉಳಿಯಿತು, ಹೊಲದ ಕೂಳೆ ತಿಂದು ಬದುಕುವ ಕುರಿಗಾರರ ತಟ್ಟು ಉಳಿಯಿತು, ಮೇವನ್ನು ಕೊಂಡು ತಿನ್ನಬೇಕಾದ ನಡುವಿನ ಕುದುರೆ ಹೋಯಿತು. ನನಗೆ ತಿಳಿದಂತೆ ಲೆಕ್ಕ ಇಷ್ಟೇ. ಆದರೆ ಕುರಿಗಾರ ಕಾಕಾ ಹೇಳಿದ್ದು ಬೇರೆ: "ಮುಂದಿನ ವರ್ಷ ಟೆಂಪೋದಾಗ ಸಾಮಾನು ತರ್ತೀವಿ ತಮ್ಮಾ. ನನ್ನ ಮಗಾ ಕುದುರಿ ಹಿಂದ ನಡ್ಯಾಂಗಿಲ್ಲ ಅಂತಾನ."

ಆ ರಾತ್ರಿ ದಾದಿ ಮರಿಯ ಬಗ್ಗೆ ಮತ್ತೆ ಕೇಳಿದರು. ಅದು ತಾಯಿಯಂತೆ ಸಬ್ಜಾ ಆಗುತ್ತದೆಯೋ, ಮುಷ್ಕಿಯಾಗಿಯೇ ಉಳಿಯುತ್ತದೆಯೋ?

"ನನಗೆ ಹೇಗೆ ಗೊತ್ತಾಗಬೇಕು?" ಎಂದೆ.

"ಕಣ್ಣಿನ ಸುತ್ತ ನೋಡಿದೆಯಾ? ಮೊದಲ ಬಿಳಿ ಕೂದಲು ಅಲ್ಲೇ ಬರುತ್ತದೆ."

ನಾನು ನೋಡಿರಲಿಲ್ಲ. ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಮೊದಲು ಹೊಲಕ್ಕೆ ಹೋದೆ. ಬೂದಿ ಇನ್ನೂ ಬೆಚ್ಚಗಿತ್ತು. ಗೊರಸಿನ ಗುರುತುಗಳು ಅಣ್ಣಿಗೇರಿ ರಸ್ತೆಯ ಕಡೆಗೆ ಹೋಗಿದ್ದವು, ದೊಡ್ಡವು ನಾಲ್ಕು ಸಾಲು, ಬದಿಯಲ್ಲಿ ಒಂದು ಸಣ್ಣದು.