‘ಚಕ್ಕರ್’ ಬಂದಾಗ ಮೊಬೈಲ್ ಹತ್ತಿರವಿರಲಿ



ಹಜೀರಾದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೀರಿ. ಮಗ್ಗುಲು ಬದಲಿಸಿದ ಕೂಡಲೇ ಇಡೀ ಕೋಣೆ ಗಿರಗಿರ ತಿರುಗುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ಸರಿ. ಮರುದಿನ ಸೂರತ್‌ನ ಡಾಕ್ಟರ ಮುಂದೆ ಕುಳಿತರೆ ಬಾಯಿಗೆ ಬರುವುದು ಒಂದೇ ಪದ: ‘ಚಕ್ಕರ್’. ಅಷ್ಟರಲ್ಲಿ ಅವರು ನೋಡಬೇಕಾದ ಗುರುತು ಕಣ್ಣಿನಿಂದ ಮಾಯವಾಗಿರುತ್ತದೆ.

ತೊಂದರೆ ಹೆಚ್ಚಾಗಿ ಒಳಕಿವಿಯದು. ಅಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರಿದರೆ, ತಲೆ ನಿಂತ ಮೇಲೂ ನಾಳದೊಳಗಿನ ದ್ರವ ಚಲಿಸುತ್ತದೆ. ‘ಇನ್ನೂ ತಿರುಗುತ್ತಿದ್ದೇನೆ’ ಎಂಬ ಸುಳ್ಳು ಸುದ್ದಿ ಮಿದುಳಿಗೆ ಹೋಗುತ್ತದೆ. ಆಗ ಕಣ್ಣುಗುಡ್ಡೆ ತಾನಾಗಿ ಜಗ್ಗಿ ಜಗ್ಗಿ ಅಲುಗುತ್ತದೆ. ಆ ಅಲುಗಾಟದ ದಿಕ್ಕು ನೋಡಿ ಯಾವ ಕಿವಿ, ಯಾವ ನಾಳ ಎಂದು ತಜ್ಞರು ಹೇಳಬಲ್ಲರು.

ಅದಕ್ಕೇ ತಲೆಸುತ್ತು ಬಂದ ಗಳಿಗೆಯಲ್ಲೇ ಮನೆಯವರಿಗೆ ವಿಡಿಯೊ ತೆಗೆಯಲು ಹೇಳಿ. ದೀಪ ಹಾಕಿರಲಿ, ಫೋನಿನ ಹಿಂಬದಿಯ ಕ್ಯಾಮೆರಾ ಇರಲಿ, ಎರಡೂ ಕಣ್ಣು ಚಿತ್ರದ ತುಂಬ ಕಾಣಲಿ. ಕಣ್ಣು ಮುಚ್ಚಬೇಕೆನಿಸುತ್ತದೆ, ಮುಚ್ಚಬೇಡಿ. ಯಾವ ಮಗ್ಗುಲಿಗೆ ತಿರುಗಿದಾಗ ಬಂತು, ಎಷ್ಟು ಹೊತ್ತು ಇತ್ತು ಎಂಬುದನ್ನು ವಿಡಿಯೊದಲ್ಲೇ ಮಾತನಾಡಿ ಸೇರಿಸಿ.

ಇನ್ನು ಭಾಷೆಯ ಮಾತು. ಕನ್ನಡ ಬಿ.ಎ. ಓದಿದವನ ಹುಚ್ಚು ಎನ್ನಬೇಡಿ! ಕೋಣೆ ತಿರುಗಿದರೆ ತಲೆಸುತ್ತು. ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟಿದರೆ ರಕ್ತದೊತ್ತಡ ಇಳಿದಿರಬಹುದು. ನಡೆಯುವಾಗ ಜೋಲಿ ಹೊಡೆದರೆ ಕಾರಣ ಬೇರೆಯೇ ಇರಬಹುದು. ‘ಚಕ್ಕರ್’ನಲ್ಲಿ ಮೂರೂ ಒಂದಾಗಿಬಿಡುತ್ತವೆ. 2020ರ ಮಾರ್ಚ್‌ನಲ್ಲಿ ಹೊರಬಂದ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗೂ ದೂರದಿಂದ ಸಲಹೆ ಕೊಡಬಹುದು. ಅಂದರೆ ಹಜೀರಾದಲ್ಲಿ ಕುಳಿತು ಹುಬ್ಬಳ್ಳಿಯದೋ ಮೈಸೂರಿನದೋ ಕಿವಿ ತಜ್ಞರಿಗೆ ವಿಡಿಯೊ ಕಳಿಸಿ, ಅಚ್ಚ ಕನ್ನಡದಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ. 2002ರಲ್ಲಿ ಇಸ್ರೊ ಚಾಮರಾಜನಗರದ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲು ಉಪಗ್ರಹವೇ ಬೇಕಾಗಿತ್ತು. ಈಗ ಜೇಬಿನಲ್ಲಿರುವ ಫೋನ್ ಸಾಕು.

ಹರಳಿನದೇ ತೊಂದರೆ ಎಂದು ಖಚಿತವಾದರೆ ಮಾತ್ರೆಗಿಂತ ಉಪಯುಕ್ತವಾದದ್ದು, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸುವ ಎಪ್ಲಿ ವಿಧಾನ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಇದನ್ನು ಪ್ರಕಟಿಸಿದರು. ಯಾವ ಕಿವಿ ಎಂದು ತಿಳಿಯದೆ ಇಂಟರ್ನೆಟ್ ನೋಡಿ ಮಾಡಿದರೆ ಫಲವಿಲ್ಲ. ಕತ್ತು ನೋವು ಇರುವವರಂತೂ ಸ್ವಂತ ಪ್ರಯೋಗ ಮಾಡಲೇಬಾರದು. ಗುಣವಾಗುವ ತನಕ ಎತ್ತರದ ಕೆಲಸ, ಬೈಕ್ ಎರಡೂ ಬೇಡ. ಮೇಲ್ವಿಚಾರಕರಿಗೆ ಹೇಳಿಬಿಡಿ.

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಒಂದು ಕೈಕಾಲು ಸೋತರೆ, ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ವಿಡಿಯೊ ತೆಗೆಯುತ್ತ ಕೂರಬೇಡಿ. ಅದೇ ಫೋನಿನಿಂದ 108 ಒತ್ತಿ. ಗುಜರಾತಿನಲ್ಲೂ ನಮ್ಮೂರಿನಲ್ಲೂ ಆಂಬುಲೆನ್ಸ್‌ಗೆ ಅದೇ ಸಂಖ್ಯೆ.